ಕಣ್ಣು ಮುಚ್ಚಿ ಕೂಡುವ ಆಟ

ಚಿಗವ್ವಾ,

ನೀನು ಓದುತ್ತೀ ಅಂದುಕೊಂಡೇ ಬರೆಯುತ್ತಿದ್ದೇನೆ. ಓದದಿದ್ದರೂ ಅಡ್ಡಿಯಿಲ್ಲ, ನನಗೆ ಹೇಳಿಕೊಳ್ಳಲು ಒಬ್ಬರು ಬೇಕು. ಇವರಿಗೆ ಹೇಳಿದರೆ "ನಿನಗ ಹೆದರಾಕ ಒಂದು ನೆವ ಬೇಕು ನೋಡು" ಅಂದು ಮಗ್ಗದ ಕಡೆ ಹೋಗಿಬಿಡುತ್ತಾರೆ. ಮಾವ ಇವತ್ತು ಎಷ್ಟು ಖುಷಿಯಲ್ಲಿದ್ದಾರೆ ಅಂದರೆ ಅವರ ಮುಂದೆ ಬಾಯಿ ತೆರೆಯುವ ಧೈರ್ಯವಾಗಲಿಲ್ಲ. ಓಣಿಯ ಹೆಂಗಸರಿಗೆ ಹೇಳಿದರೆ ಮಾತು ಸಂಜೆಯೊಳಗೆ ಬನಹಟ್ಟಿ ದಾಟಿ ತೇರದಾಳ ಮುಟ್ಟಿರುತ್ತದೆ. ಹೀಗಾಗಿ ನೀನೇ ಗತಿ. ನಮ್ಮವ್ವನ ತಂಗಿಯಾಗಿ ಹುಟ್ಟಿದ್ದಕ್ಕೆ ಬದುಕಿರುವವರೆಗೂ ನನ್ನ ಹೆದರಿಕೆಗಳನ್ನೆಲ್ಲ ಕೇಳಿದೆ. ಸತ್ತೆನೆಂದು ತಪ್ಪಿಸಿಕೊಳ್ಳಬೇಡ, ಇನ್ನೊಂದಿದೆ, ಕೇಳು.

ಗೌರಿಯ ವಿಷಯ. ಇನ್ನಾವುದಿರುತ್ತದೆ ನನಗೆ?

ಅವಳಿಗೆ ಮೊದಲ ಸಲ ದಮ್ಮು ಬಂದ ದಿನ ನಿನಗೆ ನೆನಪಿದೆಯಾ? ಇನ್ನೂ ಮಾತು ಸರಿಯಾಗಿ ಹೊರಳದ ಕೂಸು. ಸುತ್ತಲ ಹೊಲಗಳಲ್ಲಿ ಕಬ್ಬಿನ ರವದಿ, ಆ ಒಣಗಿದ ಸೋಗೆ, ಸುಡುವ ದಿನಗಳು, ಊರ ಮೇಲೆಲ್ಲ ಹೊಗೆ. ಕೂಸಿನ ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸಪ್ಪಳ, ಪ್ರತಿ ಉಸಿರಿಗೂ ಪಕ್ಕೆಲುಬಿನ ಸಂದಿ ಒಳಕ್ಕೆ ಜಗ್ಗುತ್ತಿತ್ತು. ನಾನು ಅವಳನ್ನು ಎತ್ತಿಕೊಂಡು ಬರಿಗಾಲಲ್ಲಿ ಓಡಿದ್ದು ಎಲ್ಲಿಗೆ? ದವಾಖಾನೆಗಲ್ಲ, ಅದೇ ಓಣಿಯ ತುದಿಯಲ್ಲಿದ್ದ ನಿನ್ನ ಮನೆಗೆ. "ಏ ಸುವರ್ಣಿ, ನಾ ಸಾಲ್ಯಾಗ ಪಾಠಾ ಹೇಳಿದಾಕಿ, ನಾ ಏನ ಡಾಕ್ಟರ? ನಡಿ ಮೊದಲ ದವಾಖಾನಿಗೆ!" ಎಂದು ಬೈಯುತ್ತಲೇ ಚಪ್ಪಲಿ ಮೆಟ್ಟಿ ನನಗಿಂತ ಮುಂದೆ ನಡೆದೆ. ಡಾಕ್ಟರು ಬಾಯಿಗೆ ಹಿಡಿದು ಔಷಧ ಎಳೆದುಕೊಳ್ಳುವ ಪಂಪು ಕೊಟ್ಟರು, ಅದನ್ನು ಹಿಡಿಯುವ ರೀತಿ ತೋರಿಸಿದರು. ಹೊರಡುವಾಗ, "ಕೂಸು ಹೆದರಿದಷ್ಟೂ ಉಸರು ಬಿಗಿತೈತ್ರಿ. ಪಂಪು ಬಿಡಬ್ಯಾಡ್ರಿ, ಅದರ ಜೋಡಿ ಸಾವಕಾಶ ಉಸರಾಡೋದನ್ನೂ ಕಲಸ್ರಿ" ಅಂದರು. ಉಸಿರಾಡುವುದನ್ನೂ ಯಾರಾದರೂ ಕಲಿಸುತ್ತಾರಾ ಎಂದು ನಾನು ಪಿಳಿಪಿಳಿ ನೋಡಿದೆ. ನೀನು ಮಾತ್ರ ಏನೋ ಲೆಕ್ಕ ಹಾಕುವವಳ ಹಾಗೆ ತಲೆಯಾಡಿಸುತ್ತ ಮನೆಗೆ ಬಂದೆ.

ಅದರ ಮುಂದಿನ ರವಿವಾರವೇ ನಿನ್ನ ಮಾಳಿಗೆಯ ಮೇಲೆ ಓಣಿಯ ಮಕ್ಕಳೆಲ್ಲ ಸೇರಿದ್ದವು. ಯೋಗ ಅನ್ನುವ ಶಬ್ದವನ್ನೇ ನೀನು ಅವುಗಳ ಮುಂದೆ ಎತ್ತಲಿಲ್ಲ. ಎತ್ತಿದ್ದರೆ ಒಂದೂ ಬರುತ್ತಿರಲಿಲ್ಲ, ಅಷ್ಟು ಗೊತ್ತಿತ್ತು ನಿನಗೆ. "ಮುಧೋಳ ನಾಯಿ ಎದ್ದ ಕೂಡಲೇ ಹೆಂಗ ಮೈ ಮುರಿತೈತಿ? ತೋರಸ್ರಿ" ಅಂದೆ. ಎಲ್ಲ ಅಂಗೈ ಊರಿ, ಕುಂಡಿ ಮೇಲೆತ್ತಿ, ಬೆನ್ನು ಜಗ್ಗಿ ನಿಂತವು. ಒಂದು ಹುಡುಗಿ ಬೌ ಬೌ ಎಂದು ಶುರುಮಾಡಿದಳು. "ಏ, ಮುಧೋಳ ನಾಯಿ ಹಂಗ ಕಂಡಕಂಡಲ್ಲಿ ಬೊಗಳಂಗಿಲ್ಲ ಬೇ, ಅದು ದೊಡ್ಡಸ್ತನದ್ದು. ಬಾಯಿ ಮುಚ್ಚಿ ಮೂಗಿಲೆ ಉಸರ ತಗೋ" ಅಂದೆ. ಆಮೇಲೆ ಬೆಲ್ಲದ ಆಟ. ಎರಡೂ ಕೈ ಬೊಗಸೆ ಮಾಡಬೇಕು, ಅದರಲ್ಲಿ ಗಾಣದಿಂದ ಈಗ ತೆಗೆದ ಬಿಸಿ ಬೆಲ್ಲವಿದೆ. ಮೂಗಿನಿಂದ ವಾಸನೆ ಎಳೆದುಕೊಳ್ಳಬೇಕು, ತುಟಿ ಸಣ್ಣ ಮಾಡಿ ಊದಿ ಆರಿಸಬೇಕು. ಜೋರಾಗಿ ಊದಿದರೆ ಬೆಲ್ಲ ಚೆಲ್ಲುತ್ತದೆ. ಗೌರಿ ಊದಿ ಊದಿ, ಕೊನೆಗೆ ಬೊಗಸೆ ನೆಕ್ಕಿ, "ಅಜ್ಜಿ, ಸೀ ಐತಿ" ಎಂದಿದ್ದಳು. ನೀನು ಅಷ್ಟು ನಕ್ಕದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಆಟಗಳಲ್ಲಿ ಅವಳಿಗೆ ಭಾರಿ ಇಷ್ಟದ್ದು ಕಣ್ಣು ಮುಚ್ಚಿ ಕೂಡುವ ಆಟ. ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂಡಬೇಕು, ಕಣ್ಣು ಮುಚ್ಚಬೇಕು, ಹೊಟ್ಟೆಯೊಳಗೆ ಗಾಳಿ ಹೋಗಿ ಬರುವುದನ್ನು ಗಮನಿಸಬೇಕು. ಒಬ್ಬರು ಮಾತ್ರ ಎದ್ದು ನಿಂತಿರುತ್ತಾರೆ. ಅವರು ಚಪ್ಪಾಳೆ ಹೊಡೆದಾಗಲೇ ಉಳಿದವರು ಕಣ್ಣು ತೆಗೆಯಬೇಕು. ಚಪ್ಪಾಳೆಯ ಪಾಳಿ ಬಂದರೆ ಗೌರಿಗೆ ರಾಜ್ಯ ಸಿಕ್ಕಷ್ಟು ಹಿಗ್ಗು. ನೀನೂ ಮಕ್ಕಳ ಸಾಲಿನಲ್ಲೇ ಕೂಡುತ್ತಿದ್ದೆಯಲ್ಲ. ಅಷ್ಟು ದೊಡ್ಡ ಅಜ್ಜಿ ತನ್ನ ಪುಟ್ಟ ಚಪ್ಪಾಳೆಗೆ ಪಟ್ಟನೆ ಕಣ್ಣು ತೆರೆದು "ಆಂ! ಬೆಳಗಾತೇನ?" ಅನ್ನುವುದು ಅವಳಿಗೆ ಎಷ್ಟು ಸಲ ನೋಡಿದರೂ ಸಾಲುತ್ತಿರಲಿಲ್ಲ. ಆ ವರ್ಷ ದಮ್ಮು ಬಂದರೂ ಅವಳು ಅಳಲಿಲ್ಲ. ಪಂಪು ತೆಗೆದುಕೊಂಡು ಕಾಲು ಮಡಿಚಿ ಕೂತು, ಬೆಲ್ಲ ಆರಿಸುವವಳ ಹಾಗೆ ಊದುತ್ತ ತಾನೇ ಸುಧಾರಿಸಿಕೊಳ್ಳುತ್ತಿದ್ದಳು. ನಾನು ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದ್ದು ಆ ವರ್ಷ.

ಆಮೇಲೆ ನೀನು ಹೋದೆ. ಹೇಳದೆ ಕೇಳದೆ, ಮುಂಜಾನೆ ಚಹಾಕ್ಕೆ ನೀರಿಟ್ಟು, ಎದೆ ಹಿಡಿದುಕೊಂಡಿತೋ ಏನೋ, ಸ್ವಲ್ಪ ಅಡ್ಡಾಗಿ, ಅಲ್ಲೇ... ಒಂದು ಮಾತು ಆಡಬಾರದಿತ್ತೇನು? ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಮ್ಮ ಮಂದಿಯ ಪದ್ಧತಿ ನಿನಗೆ ನಾನು ಹೇಳಬೇಕೇ? ಹೋದವರನ್ನು ಮಲಗಿಸಿ ಇಡುವುದಿಲ್ಲ ನಾವು, ಕೂಡಿಸುತ್ತೇವೆ. ಮಣ್ಣು ಮಾಡುವುದೂ ಕೂಡಿಸಿಯೇ. ನಿನ್ನನ್ನೂ ಮೀಯಿಸಿ, ಹೊಸ ಸೀರೆ ಉಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ, ಕಾಲು ಮಡಿಚಿ ಕೂಡಿಸಿದರು. ತಲೆ ವಾಲದ ಹಾಗೆ ಬಿಳಿ ಅರಿವೆ ಕಟ್ಟಿದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಮಲ್ಲಿಗೆ. ಭಜನೆಯವರು ಬಂದರು. ನಾನು ಬಂದವರನ್ನು ಕೂಡಿಸುವುದು, ಹೂವಿನವನಿಗೆ ಹೇಳುವುದು, ಅತ್ತು ಅತ್ತು ಬಿದ್ದವರಿಗೆ ನೀರು ಕೊಡುವುದು ಎಂದು ಒಳಗೂ ಹೊರಗೂ ಓಡಾಡುತ್ತಿದ್ದೆ. ಗೌರಿ ಎಲ್ಲಿದ್ದಳು, ಏನು ನೋಡಿದಳು ಎಂಬುದು ಆ ಗದ್ದಲದಲ್ಲಿ ಯಾರ ಲಕ್ಷ್ಯಕ್ಕೂ ಬರಲಿಲ್ಲ.

ನೀನು ಹೋದ ಕೆಲವೇ ದಿನಕ್ಕೆ ನಮ್ಮ ಮನೆಯಲ್ಲೊಂದು ಗಲಾಟೆ ಆಯಿತು. ಮಾವ ದಿನಾ ಸ್ನಾನವಾದ ಮೇಲೆ ಲಿಂಗಪೂಜೆಗೆ ಕೂಡುತ್ತಾರಲ್ಲ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಗೌರಿ ಹಾಸಿಗೆಯಿಂದ ಎದ್ದು ಬಂದವಳು ಅವರನ್ನು ನೋಡಿ ಚಿಟ್ಟನೆ ಚೀರಿದಳು. ಓಡಿ ಹೋಗಿ ಅವರ ಭುಜ ಹಿಡಿದು ಅಲ್ಲಾಡಿಸಿದಳು. "ಕಣ್ಣ ತಗಿ ಅಜ್ಜಾ! ಕಣ್ಣ ತಗೀ!" ಲಿಂಗ ಕೈಯಿಂದ ಜಾರಿ ಮಡಿಲಿಗೆ ಬಿತ್ತು. ಮಾವನ ಸಿಟ್ಟು ನಿನಗೆ ಗೊತ್ತೇ ಇದೆ. "ಹುಡುಗಿಗೆ ಏನ ಬುದ್ಧಿ ಕಲಿಸೀದಿ ನೀನು?" ಎಂದು ನನ್ನ ಮೇಲೆ ಹಾರಿದರು. ಆದರೆ ಕೂಸಿನ ಮುಖ ನೋಡಿದ ಮೇಲೆ ಅವರ ದನಿ ಇಳಿಯಿತು. ಬೆವರಿನಿಂದ ತೊಯ್ದುಹೋಗಿದ್ದಳು. ಎದೆಯಲ್ಲಿ ಆ ಗುರುಗುರು ಶುರುವಾಗಿತ್ತು. ಪಂಪು ಎಲ್ಲಿಟ್ಟಿದ್ದೇನೆಂದು ತೋಚದೆ ಡಬ್ಬಿಗಳನ್ನೆಲ್ಲ ತಡಕಾಡಿದೆ.

ಅಲ್ಲಿಂದ ಅದೇ ಹಾಡು. ನಾನು ಬಟ್ಟೆ ಹೊಲಿಯುತ್ತ ಕೂತಾಗ ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕು, ಬಂದು ಕೆನ್ನೆಗೆ ಬಡಿಯುತ್ತಿದ್ದಳು. ಊಟಕ್ಕೂ ಕಾಲು ಚಾಚಿಯೇ ಕೂಡುತ್ತಿದ್ದಳು, ಮಡಿಚೆಂದರೆ ತಾಟು ಬಿಟ್ಟು ಏಳುತ್ತಿದ್ದಳು. ಶಾಲೆಯಲ್ಲಿ ಯೋಗ ದಿನದ ತಯಾರಿ ನಡೆದಿತ್ತು. ಮಕ್ಕಳನ್ನೆಲ್ಲ ಅಂಗಳದಲ್ಲಿ ಪದ್ಮಾಸನ ಹಾಕಿಸಿ ಕಣ್ಣು ಮುಚ್ಚಿರಿ ಅಂದರಂತೆ. ಇವಳು ಸಾಲು ಮುರಿದು ಓಡಿ, ಗೇಟಿನ ಹತ್ತಿರ ಬಿದ್ದು, ಉಸಿರು ಸಿಕ್ಕಿಕೊಂಡು... ನನಗೆ ಫೋನು ಬಂತು. ಓಡಿ ಹೋದಾಗ ಯೋಗ ಮಾಡಿಸುತ್ತಿದ್ದ ಶಾಲೆಯ ಅಕ್ಕೋರು ಬೆವರುತ್ತ ನಿಂತಿದ್ದರು, ಪಾಪ. "ತಿಳೀವಲ್ದರಿ ನನಗ. ಶವಾಸನ ಮಾಡಸಿದ್ರ ಬ್ಯಾರೆ ಹುಡುಗ್ರು ಹೆಣದ ಆಸನ ಅಂತ ಹೆದರತಾವ. ಈಕಿ ಅದರಾಗ ಆರಾಮ ಮಲಗತಾಳ. ಕುಂಡ್ರು ಅಂದ್ರ ಮಾತ್ರ ಜೀವಾ ಬಿಡತಾಳ" ಅಂದರು. ಆ ಮಾತಿನಲ್ಲೇ ಎಲ್ಲ ಇತ್ತು, ನೋಡು. ಆದರೂ ನನಗೆ ಹೊಳೆಯಲಿಲ್ಲ. ಹೋದವರನ್ನು ಕೂಡಿಸುವುದನ್ನು ಹುಟ್ಟಿದಾಗಿನಿಂದ ಕಂಡ ಕಣ್ಣಿಗೆ ಅದರಲ್ಲಿ ವಿಶೇಷವೇನು ಕಾಣಬೇಕು?

ಪಕ್ಕದ ಮನೆಯ ಕಲ್ಲವ್ವ ಒಂದು ದಿನ ಹಿಟ್ಟು ಕೇಳುವ ನೆಪದಲ್ಲಿ ಬಂದು, ಕಿವಿಯ ಹತ್ತಿರ ಬಾಗಿ ಹೇಳಿದಳು. "ಸುವರ್ಣಾ, ತಪ್ಪ ತಿಳಕೋಬ್ಯಾಡ. ನಿಮ್ಮ ಚಿಗವ್ವಗ ಈ ಕೂಸಿನ ಮ್ಯಾಲ ಭಾಳ ಜೀವ ಇತ್ತು. ಜೋಡಿಲೇ ಕರಕೊಂಡ ಹೋಗಾಕ ನೋಡಾಕತ್ತಾಳ." ನನಗೆ ಉರಿದುಹೋಯಿತು. "ನಮ್ಮ ಚಿಗವ್ವ ಬದುಕಿದ್ದಾಗ ನಿನ್ನ ಮಕ್ಕಳ ಮೂಗು ಒರಸ್ಯಾಳ, ಸತ್ತ ಮ್ಯಾಲ ದೆವ್ವ ಮಾಡಾಕ ಬಂದೇನ? ಹಿಟ್ಟ ತಗೊಂಡ ನಡಿ" ಎಂದು ಕಳಿಸಿದೆ. ಕಳಿಸಿದ್ದೇನೋ ಆಯಿತು. ಆಕೆ ಹೋದ ಮೇಲೆ ನಿನ್ನ ಫೋಟೋದ ಮುಂದೆ ನಿಂತು, ಕೂಸನ್ನು ಬಿಟ್ಟುಬಿಡು ಎಂದು ಕೈ ಮುಗಿದೆ. ನಿನ್ನ ಮುಂದೆ! ನಗಬೇಡ. ದಮ್ಮಿನ ಕೂಸು ಮನೆಯಲ್ಲಿದ್ದರೆ ತಾಯಿಯಾದವಳು ಯಾವ ಮಾತನ್ನಾದರೂ ನಂಬುತ್ತಾಳೆ. ದಿನದಿನಕ್ಕೆ ನನಗೆ ಒಂದೇ ಯೋಚನೆ. ದಮ್ಮು ಜೋರಾಗಿ ಬಂದ ದಿನ ಇವಳು ಹೀಗೇ ಹೆದರಿ ಕೈಕಾಲು ಬಡಿದರೆ, ಪಂಪಿನ ಔಷಧ ಒಳಗೆ ಹೋಗುವುದಾದರೂ ಹೇಗೆ?

ಆ ದಿನವೂ ಬಂತು. ಮಧ್ಯಾಹ್ನ. ಇವರು ನೂಲು ತರಲು ಜಮಖಂಡಿಗೆ ಹೋಗಿದ್ದರು, ಮಾವ ಮಲಗಿದ್ದರು. ಮತ್ತೆ ರವದಿ ಸುಡುವ ಕಾಲ. ಗೌರಿ ಆಡಿ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು, ತುಟಿ ಕಪ್ಪಿಟ್ಟಿತ್ತು. ಪಂಪು ಹಿಡಿದೆ. "ಕುಂಡ್ರು ಕೂಸ, ಸಾವಕಾಶ ಊದು, ಬೆಲ್ಲ ಐತಿ ನೋಡು ಕೈಯಾಗ" ಅಂದೆ. ಕೂಡಿಸಲು ಹೋದರೆ ಕಾಲು ಕಟ್ಟಿಗೆಯ ಹಾಗೆ ಬಿಗಿ ಮಾಡಿ ನನ್ನ ಎದೆಗೆ ಒದ್ದಳು. ಕಣ್ಣು ಎಷ್ಟು ಅಗಲ ತೆರೆದಿದ್ದಳೆಂದರೆ, ಚಿಗವ್ವಾ, ನಾನು ಇವತ್ತು ಇದನ್ನು ಕಳೆದುಕೊಂಡೆ ಅನಿಸಿಬಿಟ್ಟಿತು. ಕಲ್ಲವ್ವನ ಮಗ ಗಾಡಿ ತೆಗೆದ. ದವಾಖಾನೆಯಲ್ಲಿ ಮೂಗಿಗೆ ಔಷಧದ ಹಬೆ ಬಿಡುವ ಮುಖವಾಡ ಹಾಕಿದರು, ಆಮೇಲೆ ನಿಧಾನಕ್ಕೆ ತುಟಿಗೆ ಕೆಂಪು ತಿರುಗಿತು. ನಾನು ಮಂಚದ ಕಾಲು ಹಿಡಿದು ನೆಲದಲ್ಲೇ ಕೂತಿದ್ದೆ.

ಸಂಜೆ ಅವಳು ಮಂಚದ ಮೇಲೆ ಮಲಗಿಕೊಂಡೇ, ಸಣ್ಣ ದನಿಯಲ್ಲಿ ಹೇಳಿದಳು. "ಅವ್ವಾ, ನಾ ಚಪ್ಪಾಳಿ ಹೊಡದಿದ್ನಿ."

"ಯಾವ ಚಪ್ಪಾಳಿ ಕೂಸ?"

"ಅಜ್ಜಿ ಹೂವಿನ್ಯಾಗ ಕುಂತಿದ್ಲಲ್ಲ, ಆವತ್ತ. ಅಜ್ಜಿ ಆಟಾ ಆಡಾಕತ್ತಾಳ ಅನ್ಕೊಂಡ್ನಿ. ಹತ್ರ ಹೋಗಿ ಹೊಡದ್ನಿ. ಕಣ್ಣ ತಗೀಲಿಲ್ಲ. ಮತ್ತ ಹೊಡದ್ನಿ. ಒಬ್ಬಾಕಿ ಬಂದು ನನ್ನ ಎಳಕೊಂಡ ಹೋದ್ಲು. ಭಜನಿ ಭಾಳ ಜೋರಿತ್ತು ಬೇ, ಅಜ್ಜಿಗೆ ಕೇಳಿರಾಕಿಲ್ಲ."

ಅವಳೇ ಮುಂದುವರಿಸಿದಳು. "ನಾನೂ ಹಂಗ ಕುಂತು ಕಣ್ಣ ಮುಚ್ಚಿದ್ರ, ನೀ ಹೊಡದಿದ್ದು ನನಗ ಕೇಳಲಿಲ್ಲಂದ್ರ? ಆಗ ಏನ ಮಾಡ್ಲಿ?"

ಅಯ್ಯೋ ನನ್ನ ಕೂಸೇ. ಇಷ್ಟು ತಿಂಗಳು ಇದನ್ನು ಎದೆಯೊಳಗೆ ಹೊತ್ತುಕೊಂಡು ತಿರುಗಿದೆಯಾ? ಗೋಡೆಗೆ ಒರಗಿ, ಕಾಲು ಮಡಿಚಿ, ಕಣ್ಣು ಮುಚ್ಚಿ. ಚಿಗವ್ವಾ, ಆಟದಲ್ಲಿ ನೀನು ಹೇಗಿರುತ್ತಿದ್ದೆಯೋ, ಆವತ್ತು ನಾವು ನಿನ್ನನ್ನು ಹಾಗೇ ಕೂಡಿಸಿದ್ದೆವು. ಒಂದು ಎಳೆಯೂ ವ್ಯತ್ಯಾಸವಿಲ್ಲ. ಕೂಸು ತನ್ನ ಪಾಳಿಯ ಕೆಲಸ ಮಾಡಿತು, ಅಷ್ಟೇ. ಅಷ್ಟು ಜನ ದೊಡ್ಡವರಿದ್ದೆವಲ್ಲ ಆ ಪಡಸಾಲೆಯಲ್ಲಿ, ಅವಳಿಗೆ ಯಾರಾದರೂ ಒಂದು ಮಾತು ಹೇಳಿದೆವಾ?

ನಿಜ ಹೇಳಲು ನನಗೆ ಬಹಳ ಹೆದರಿಕೆಯಾಯಿತು. ಅಜ್ಜಿ ದೇವರ ಹತ್ತಿರ ಹೋಗಿದ್ದಾಳೆ, ನಕ್ಷತ್ರವಾಗಿದ್ದಾಳೆ ಎಂದು ಏನೋ ಒಂದು ಕಟ್ಟಿ ಹೇಳಬಹುದಿತ್ತು. ಆದರೆ ನೀನಿದ್ದಿದ್ದರೆ ಹಾಗೆ ಹೇಳಲು ಬಿಡುತ್ತಿದ್ದೆಯಾ? ಅವಳ ಕೈ ಹಿಡಿದು ಹೇಳಿದೆ. "ಅಜ್ಜಿ ತಾನ ಕುಂತಿದ್ದಿಲ್ಲ, ಗೌರಿ. ಮುಂಜಾನೆ ಮಲಗಿದಲ್ಲೇ ಆಕಿ ಉಸರ ನಿಂತಿತ್ತು. ಆಮ್ಯಾಲ ನಾವೆಲ್ಲಾರೂ ಎತ್ತಿ ಕುಂಡ್ರಿಸಿದ್ವಿ, ನಮ್ಮಲ್ಲಿ ಹಂಗ ಮಾಡತಾರ. ಕುಂತಿದ್ದಕ್ಕ ಅಜ್ಜಿ ಸತ್ತಿಲ್ಲ. ನೀ ಎಷ್ಟ ಜೋರ ಹೊಡದಿದ್ರೂ ಏಳತಿದ್ದಿಲ್ಲ. ನಿಂದೇನೂ ತಪ್ಪಿಲ್ಲ."

ನನ್ನ ಕಡೆ ಹೊರಳಿ ಕೇಳಿದಳು. "ಮೊದಲ ಉಸರ ನಿಂತಿತ್ತು?"

"ಹೌದು."

"ನಂದು ನಡದೈತಿ?"

ಅವಳ ಅಂಗೈಯನ್ನು ಅವಳ ಹೊಟ್ಟೆಯ ಮೇಲೆಯೇ ಇಟ್ಟೆ. ಕೈ ಮೇಲೆ ಹೋಯಿತು, ಕೆಳಗೆ ಬಂತು. ತಾನೇ ನೋಡಿಕೊಂಡಳು. ಆಮೇಲೆ ನನ್ನ ಹೊಟ್ಟೆಯ ಮೇಲೂ ಇಟ್ಟು ಪರೀಕ್ಷೆ ಮಾಡಿದಳು.

ಮನೆಗೆ ಬಂದ ಮೇಲೆ ನಾವು ಎಲ್ಲವನ್ನೂ ಮೊದಲಿನಿಂದ ಶುರುಮಾಡಿದೆವು, ಕೂಡುವ ಆಟ ಒಂದನ್ನು ಬಿಟ್ಟು. ಈಗ ನಮ್ಮ ಮಾಳಿಗೆಯ ಮೇಲೆ ರವಿವಾರ ಮಕ್ಕಳು ಸೇರುತ್ತಾರೆ, ಗೊತ್ತಾ ನಿನಗೆ? ನನಗೆ ಆಸನಗಳ ಹೆಸರು ಬರುವುದಿಲ್ಲ, ನಿನ್ನ ಹಾಗೆ ಬೆನ್ನೂ ಬಾಗುವುದಿಲ್ಲ. ಮುಧೋಳ ನಾಯಿಯಾಗಲು ಹೋಗಿ ನಾನು ಮುಗ್ಗರಿಸುವುದನ್ನು ನೋಡಲೆಂದೇ ಅರ್ಧ ಮಕ್ಕಳು ಬರುತ್ತವೆ. ಹೊಸದೊಂದು ಆಟ ಕಟ್ಟಿದ್ದೇವೆ. ಎಲ್ಲ ಅಂಗಾತ ಮಲಗಿ ಹೊಟ್ಟೆಯ ಮೇಲೆ ಕಾಗದದ ದೋಣಿ ಇಟ್ಟುಕೊಳ್ಳುವುದು. "ಚಿಕ್ಕಪಡಸಲಗಿ ಬ್ಯಾರೇಜಿನ ನೀರ ಏರಾಕತ್ತೇತಿ... ಈಗ ಸಾವಕಾಶ ಇಳಿಯಾಕತ್ತೇತಿ... ದೋಣಿ ಬೀಳಬಾರದು" ಎಂದು ಗೌರಿ ಹೇಳುತ್ತಾಳೆ. ಕಣ್ಣು ತೆರೆದಿದ್ದರೂ ನಡೆಯುತ್ತದೆ, ಮುಚ್ಚಿದರೂ ನಡೆಯುತ್ತದೆ. ಜಂಬದ ಹುಡುಗಿಯೊಬ್ಬಳು ಉಸಿರು ಬಿಗಿ ಹಿಡಿದು ದೋಣಿ ನಿಲ್ಲಿಸಿದರೆ, "ಉಸರ ಹಿಡದ್ರ ಆಟದಿಂದ ಔಟ್ ಬೇ!" ಎಂದು ಗೌರಿ ಎಬ್ಬಿಸಿ ಕಳಿಸುತ್ತಾಳೆ. ಆ ಒಂದು ನಿಯಮದಲ್ಲಿ ಮಾತ್ರ ಅವಳು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಈಗ ಇವತ್ತಿನ ಮಾತು. ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮಾವ ಪೂಜೆಗೆ ಕೂತಿದ್ದರು. ಗೌರಿ ಜಳಕ ಮಾಡಿ ಬಂದವಳು ಅವರ ಮುಂದೆ ಸ್ವಲ್ಪ ಹೊತ್ತು ನಿಂತಳು. ಮತ್ತೆ ಅಲ್ಲಾಡಿಸುತ್ತಾಳೇನೋ ಎಂದು ನಾನು ಎದ್ದೆ. ಅವಳು ಅವರ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ಯಾರೂ ಹೇಳಿರಲಿಲ್ಲ. ಒಂದೊಂದೇ ಕಾಲು ಎಳೆದುಕೊಂಡು ಮಡಿಚಿದಳು. ಮಾವ ತಮ್ಮ ವಿಭೂತಿ ಗಟ್ಟಿಯಿಂದ ಅವಳ ಹಣೆಗೂ ಎಳೆದರು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

ನಾನು ಕುಣಿದಾಡಬೇಕಿತ್ತು, ಹೌದೋ ಅಲ್ಲವೋ? ಇದಕ್ಕಾಗಿ ತಾನೇ ಅಷ್ಟೆಲ್ಲ ಮಾಡಿದ್ದು. ಆದರೆ ಚಿಗವ್ವಾ, ಗೋಡೆಗೆ ಒರಗಿ, ಕಾಲು ಮಡಿಚಿ, ಹಣೆಯ ತುಂಬ ವಿಭೂತಿ ಧರಿಸಿ, ಕಣ್ಣು ಮುಚ್ಚಿ ಕೂತ ನನ್ನ ಕೂಸನ್ನು ನೋಡಿದವಳೇ ಅಡುಗೆ ಮನೆಯ ಬಾಗಿಲು ಹಿಡಿದುಕೊಂಡೆ. ಅವಳು ಆವತ್ತು ನಿನ್ನನ್ನು ಹೇಗೆ ನೋಡಿದಳೋ ಹಾಗೇ ನಾನು ಅವಳನ್ನು ನೋಡಿದೆ. ಕಣ್ಣು ತೆಗಿ ಎಂದು ಕೂಗಲು ಬಾಯಿ ತೆರೆದಿದ್ದೆ. ಹೊಟ್ಟೆ ಆಡುತ್ತಿದೆಯೋ ಇಲ್ಲವೋ ಎಂದು ಅವಳ ಲಂಗದ ನೆರಿಗೆಯನ್ನೇ ದಿಟ್ಟಿಸಿದೆ, ಕಣ್ಣು ಮಂಜಾಗಿ ಅದೂ ಕಾಣಿಸಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಕರಕಲಾಗಿ ಮನೆಯೆಲ್ಲ ವಾಸನೆ ಎದ್ದಿತು. ಮಾವ ಅರೆಗಣ್ಣು ತೆರೆದು ನನ್ನನ್ನು ನೋಡಿದರು. ಮಾತಾಡಬೇಡ ಎಂದು ಕೈಯಲ್ಲೇ ತಡೆದರು. ಅವರ ಮುಖದಲ್ಲಿ ಅಷ್ಟು ಹಿಗ್ಗಿತ್ತು, ಅವರಿಗೆ ನನ್ನ ಅವಸ್ಥೆ ಗೊತ್ತೇ ಆಗಲಿಲ್ಲ.

ಎಷ್ಟು ಹೊತ್ತಾಯಿತೋ ನಾನರಿಯೆ. ಗೌರಿ ತಾನಾಗಿಯೇ ಕಣ್ಣು ತೆರೆದಳು. ನನ್ನನ್ನು ನೋಡಿ, "ಅವ್ವಾ, ನೀ ಯಾಕ ಅಷ್ಟ ಜೋರ ಉಸರ ಬಿಡಾಕತ್ತಿದ್ದಿ? ನನಗ ಇಲ್ಲಿತನ ಕೇಳತಿತ್ತು" ಅಂದಳು. ರೊಟ್ಟಿ ಸೀದಿತ್ತಲ್ಲ ಅದಕ್ಕೆ ಎಂದೆ. ನಂಬಿದಳು, ಹಸಿವೆ ಎಂದು ತಾಟು ತಂದಳು, ಉಂಡು ಶಾಲೆಗೆ ಹೋದಳು.

ಅವಳ ಹೆದರಿಕೆ ಹೋಯಿತು, ಚಿಗವ್ವಾ. ನಿನಗೆ ಮುಟ್ಟಿಸಬೇಕಾಗಿದ್ದ ಸುದ್ದಿ ಇದು. ಅದು ನೆಲಕ್ಕೆ ಬೀಳಲಿಲ್ಲ, ನನ್ನ ಹೆಗಲಿಗೆ ಬಂದು ಕೂತಿದೆ. ಅದನ್ನು ಹೇಳಿಕೊಳ್ಳಲೆಂದೇ ಈ ಕಾಗದ. ನಾಳೆಯೂ ಅಜ್ಜನ ಜೋಡಿ ಕೂಡುತ್ತಾಳಂತೆ, ಹೇಳಿಯೇ ಹೋಗಿದ್ದಾಳೆ. ನಾನು ಅಡುಗೆ ಮನೆಯ ಬಾಗಿಲಲ್ಲಿ ನಿಲ್ಲುತ್ತೇನೆ. ಬಾಯಿಗೆ ಸೆರಗು ತುರುಕಿಕೊಂಡಾದರೂ ಸುಮ್ಮನೆ ನಿಲ್ಲುತ್ತೇನೆ. ಅವಳು ತಾನಾಗಿ ಕಣ್ಣು ತೆರೆಯುವವರೆಗೆ ಎಬ್ಬಿಸುವುದಿಲ್ಲ, ನಿನ್ನಾಣೆ.

ನಿನ್ನ
ಸುವರ್ಣಿ